ಬೈನರಿ ಫೈಲ್ ಓದಲು ಅಪ್‌ಲೋಡ್ ಏಕೆ?

ಸಂಪಾದಕರಿಗೆ,

ಮಾನ್ಯರೇ,

ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಬರೀ ಚೌಕ, ಪ್ರಶ್ನಾರ್ಥಕ ಚಿಹ್ನೆ ಕಾಣುವ ಬೈನರಿ ಫೈಲನ್ನು (ಪಠ್ಯ ರೂಪದಲ್ಲಿ ಇಲ್ಲದ ಫೈಲು) ‘ಆನ್‌ಲೈನ್ ಕನ್ವರ್ಟರ್‌ಗೆ ಹಾಕಿ ನೋಡಿ’ ಎನ್ನುವ ಸಲಹೆ ಈಗ ಸಾಮಾನ್ಯ. ಆ ಫೈಲು ಗ್ರಾಹಕರ ವಿವರವಿರುವ ಡೇಟಾಬೇಸ್ ಆಗಿರಬಹುದು, ಆ್ಯಪ್‌ನ ಸೆಟ್ಟಿಂಗ್ಸ್ ಆಗಿರಬಹುದು. ಅದನ್ನು ಯಾರದೋ ಸರ್ವರ್‌ಗೆ ಕಳಿಸುವ ಅಗತ್ಯ ಬಹುತೇಕ ಇರುವುದೇ ಇಲ್ಲ. ಓದುವ ಟೂಲ್‌ಗಳಲ್ಲಿ ಹೆಚ್ಚಿನವು ಲಿನಕ್ಸ್ ಮತ್ತು ಮ್ಯಾಕ್ ಟರ್ಮಿನಲ್‌ನಲ್ಲಿ ಮೊದಲೇ ಇವೆ, ಉಳಿದವನ್ನು ಇನ್‌ಸ್ಟಾಲ್ ಮಾಡಿಕೊಳ್ಳಬಹುದು. ವಿಂಡೋಸ್‌ನವರಿಗೆ ಡಬ್ಲ್ಯುಎಸ್‌ಎಲ್ (ವಿಂಡೋಸ್‌ನೊಳಗೇ ಲಿನಕ್ಸ್ ನಡೆಸುವ ಸೌಲಭ್ಯ) ಮೂಲಕ ಬಹುತೇಕ ಅವೇ ಸಿಗುತ್ತವೆ. ಗೊತ್ತಿರಬೇಕಾದದ್ದು ಯಾವುದನ್ನು ಯಾವಾಗ ಬಳಸಬೇಕು ಎನ್ನುವುದು.

ಮೊದಲು, ಮಾಡಬಾರದ್ದು: ಬೈನರಿ ಫೈಲನ್ನು ‘ಕ್ಯಾಟ್’ನಿಂದ ನೇರವಾಗಿ ಪರದೆಗೆ ಸುರಿಯಬೇಡಿ. ಒಳಗಿನ ಕೆಲವು ಬೈಟ್‌ಗಳನ್ನು ಟರ್ಮಿನಲ್ ತನಗೇ ಕೊಟ್ಟ ಆದೇಶ ಎಂದುಕೊಳ್ಳುತ್ತದೆ. ಆಮೇಲೆ ಟೈಪ್ ಮಾಡಿದ್ದೆಲ್ಲ ಗೆರೆ, ಚೌಕಟ್ಟುಗಳಾಗಿ ಕಂಡರೆ ಗಾಬರಿ ಬೇಡ. ಕಾಣದಿದ್ದರೂ ಪರವಾಗಿಲ್ಲ, ‘ರೀಸೆಟ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಶುರು ಮಾಡಬೇಕಾದದ್ದು ‘ಫೈಲ್’ ಎಂಬ ಕಮಾಂಡ್‌ನಿಂದ. ಅದು ಹೆಸರಿನ ಬಾಲ ನೋಡುವುದಿಲ್ಲ, ಒಳಗಿನ ಗುರುತಿನ ಬೈಟ್‌ಗಳನ್ನು ನೋಡುತ್ತದೆ. ಡಾಕ್ಸ್, ಇಪಬ್, ಎಪಿಕೆ ಮೂರೂ ಅಸಲಿಗೆ ಜಿಪ್ ಫೈಲ್‌ಗಳೇ. ‘ಅನ್‌ಜಿಪ್ -ಎಲ್’ ಕೊಟ್ಟರೆ ಒಳಗಿನ ಪಟ್ಟಿ ಬರುತ್ತದೆ. ‘ಫೈಲ್’ ಬರೀ ‘ಡೇಟಾ’ ಎಂದು ಉತ್ತರಿಸಿದರೆ, ತನಗೆ ಗೊತ್ತಿರುವ ಯಾವ ಗುರುತೂ ಅಲ್ಲಿಲ್ಲ ಎಂದರ್ಥ. ಅದೂ ಒಂದು ಸುಳಿವೇ.

ಬಗೆ ತಿಳಿದ ಮೇಲೆ ಆ ಬಗೆಯನ್ನು ಬಲ್ಲ ಟೂಲ್‌ಗೇ ಹೋಗಬೇಕು. ಎಸ್‌ಕ್ಯುಲೈಟ್ (ಒಂದೇ ಫೈಲಿನಲ್ಲಿ ಕೂರುವ ಡೇಟಾಬೇಸ್) ಆಗಿದ್ದರೆ ‘ಎಸ್‌ಕ್ಯುಲೈಟ್3’ರಲ್ಲಿ ತೆರೆದು ‘.ಸ್ಕೀಮಾ’ ಕೊಟ್ಟರೆ ಟೇಬಲ್‌ಗಳ ರಚನೆ, ‘.ಡಂಪ್’ ಕೊಟ್ಟರೆ ಇಡೀ ಡೇಟಾ ಪಠ್ಯವಾಗಿ ಬರುತ್ತದೆ. ಇಲ್ಲಿ ಎಡವುವುದು ಕಾಪಿ ಮಾಡುವಾಗ: ಪಕ್ಕದಲ್ಲಿ ‘-ವಾಲ್’ ಎಂದು ಕೊನೆಯಾಗುವ ಇನ್ನೊಂದು ಫೈಲಿದ್ದರೆ ತೀರಾ ಈಚಿನ ಬದಲಾವಣೆಗಳು ಅದರಲ್ಲಿರಬಹುದು. ಮುಖ್ಯ ಫೈಲನ್ನಷ್ಟೇ ತಂದರೆ ಅವು ಕಾಣುವುದಿಲ್ಲ, ಎರರ್ ಕೂಡ ಬರಲಿಕ್ಕಿಲ್ಲ. ಮ್ಯಾಕ್‌ನಲ್ಲಿ ಸೆಟ್ಟಿಂಗ್ಸ್ ಇಡುವ ಬೈನರಿ ಪಿಲಿಸ್ಟ್ ಫೈಲಿಗೆ ‘ಪಿಎಲ್‌ಯುಟಿಲ್ -ಪಿ’ ಸಾಕು. ಬದಲಿಗೆ ‘-ಕನ್ವರ್ಟ್ ಎಕ್ಸ್‌ಎಂಎಲ್1’ ಕೊಡುವವರು ಜೊತೆಗೆ ‘-ಒ -’ ಸೇರಿಸಲೇಬೇಕು. ಇಲ್ಲವಾದರೆ ಅದು ತೋರಿಸುವುದಿಲ್ಲ, ಮೂಲ ಫೈಲನ್ನೇ ಅಳಿಸಿ ಬರೆಯುತ್ತದೆ.

ಹೆಚ್ಚು ಕಾಡುವುದು ಪ್ರೋಟೊಬಫ್, ಅಂದರೆ ಪ್ರೋಗ್ರಾಂಗಳು ಡೇಟಾ ಹಂಚಿಕೊಳ್ಳಲು ಬಳಸುವ ಒಂದು ಅಡಕ ಬೈನರಿ ರೂಪ. ಅದಕ್ಕೆ ಗುರುತಿನ ಬೈಟ್‌ಗಳೇ ಇಲ್ಲ. ‘ಪ್ರೋಟೊಸಿ --ಡಿಕೋಡ್_ರಾ’ ಗೆ ಫೈಲನ್ನು ಇನ್‌ಪುಟ್ ಆಗಿ ಕೊಟ್ಟರೆ ಪ್ರತಿ ಫೀಲ್ಡಿನ ಕ್ರಮಸಂಖ್ಯೆ, ಮೌಲ್ಯ ಸಿಗುತ್ತವೆ, ಹೆಸರು ಸಿಗುವುದಿಲ್ಲ. ಮೂರೇ ಬೈಟ್ ನೋಡಿ, ಹೆಕ್ಸ್‌ನಲ್ಲಿ (16ರ ಆಧಾರದ ಸಂಖ್ಯೆಗಳಲ್ಲಿ): 08 96 01. ಮೊದಲ 08 ಎಂದರೆ 1ನೇ ಫೀಲ್ಡ್, ಒಳಗಿರುವುದು ಪೂರ್ಣಾಂಕ. 96ರಲ್ಲಿ ಮೇಲಿನ ಬಿಟ್ ‘ಇನ್ನೂ ಇದೆ’ ಎನ್ನುವ ಸೂಚನೆ. ಅದನ್ನು ತೆಗೆದರೆ ಉಳಿಯುವುದು 22. ಮುಂದಿನ 01ರ ತೂಕ 128. ಒಟ್ಟು 150, ಪರದೆಯ ಮೇಲೆ ‘1: 150’. ಆದರೆ ಬರೆದವರು ಆ ಫೀಲ್ಡನ್ನು ‘ಎಸ್‌ಇಂಟ್32’ (ಧನ, ಋಣ ಸಂಖ್ಯೆಗಳನ್ನು ಒಂದಾದ ಮೇಲೊಂದರಂತೆ ಎಣಿಸುವ ಬಗೆ) ಎಂದು ಘೋಷಿಸಿದ್ದರೆ ಅದೇ ಬೈಟ್‌ಗಳ ನಿಜವಾದ ಮೌಲ್ಯ 75! ಕಚ್ಚಾ ಡಿಕೋಡ್ ಎಂದರೆ ಅರ್ಧ ಊಹೆ. ಫೀಲ್ಡ್‌ಗಳ ಹೆಸರು, ಬಗೆ ಬರೆದಿರುವ ‘.ಪ್ರೋಟೊ’ ಫೈಲನ್ನು ಕೇಳಿ ಪಡೆದು ‘--ಡಿಕೋಡ್’ ಬಳಸಿದರೆ ಮಾತ್ರ ಪೂರ್ತಿ ನಂಬಬಹುದು. ‘ಪಾರ್ಸ್ ಮಾಡಲಾಗಲಿಲ್ಲ’ ಎಂಬ ಎರರ್ ಬಂದರೆ ಫೈಲು ಕೆಟ್ಟಿದೆ ಎಂದು ಕೈಬಿಡಬೇಡಿ. ಅದು ಜಿಜಿಪ್‌ನಿಂದ ಕುಗ್ಗಿಸಿದ್ದಾಗಿರಬಹುದು, ಅಥವಾ ಪ್ರತಿ ಸಂದೇಶದ ಮುಂದೆ ಅದರ ಉದ್ದ ಬರೆದಿರಬಹುದು. ಜಿಆರ್‌ಪಿಸಿಯಿಂದ (ಪ್ರೋಗ್ರಾಂಗಳು ನೆಟ್‌ವರ್ಕ್‌ನಲ್ಲಿ ಪರಸ್ಪರ ಮಾತಾಡುವ ಒಂದು ವಿಧಾನ) ಹಿಡಿದ ಡೇಟಾ ಆದರೆ ಮುಂದೆ 5 ಬೈಟ್ ಹೆಚ್ಚುವರಿ ಇರುತ್ತದೆ. ‘ಟೇಲ್ -ಸಿ +6’ ಕೊಟ್ಟು 6ನೇ ಬೈಟ್‌ನಿಂದ ಓದಿಸಿ. +5 ಅಲ್ಲ, ಇಲ್ಲಿ ಒಂದರ ಲೆಕ್ಕ ತಪ್ಪುವವರೇ ಹೆಚ್ಚು.

ಯಾವ ಟೂಲೂ ಒಪ್ಪದಿದ್ದಾಗ ಕೊನೆಗೆ ಬೈಟ್‌ಗಳನ್ನೇ ಹೆಕ್ಸ್‌ನಲ್ಲಿ ನೋಡುವುದು. 800 x 600 ಅಳತೆಯ ಪಿಎನ್‌ಜಿ ಚಿತ್ರವನ್ನೇ ತೆಗೆದುಕೊಳ್ಳಿ. ಗುರುತಿನ 8 ಬೈಟ್, ಮೊದಲ ಭಾಗದ ಉದ್ದದ 4, ಅದರ ಹೆಸರಿನ 4 ಕಳೆದ ಮೇಲೆ, ಸೊನ್ನೆಯಿಂದ ಎಣಿಸಿದರೆ 16ನೇ ಸ್ಥಾನದಲ್ಲಿ ಅಗಲ, 20ರಲ್ಲಿ ಎತ್ತರ. ‘ಎಕ್ಸ್‌ಎಕ್ಸ್‌ಡಿ -ಎಸ್ 16 -ಎಲ್ 8’ ಎಂದರೆ 0000 0320 0000 0258 ಬರುತ್ತದೆ: ಹೆಕ್ಸ್ 320 ಎಂದರೆ 800, 258 ಎಂದರೆ 600. ಅದೇ 8 ಬೈಟ್‌ಗಳನ್ನು ಆಯ್ಕೆಯಿಲ್ಲದ ‘ಹೆಕ್ಸ್‌ಡಂಪ್’ 0000 2003 0000 5802 ಎಂದು ತೋರಿಸುತ್ತದೆ. ಅದು ಎರಡೆರಡು ಬೈಟ್‌ಗಳನ್ನು ಜೋಡಿ ಮಾಡಿ, ನಮ್ಮ ಪ್ರೊಸೆಸರ್‌ನ ಕ್ರಮದಲ್ಲಿ ತಿರುಗಿಸಿ ಬರೆಯುತ್ತದೆ. ದೊಡ್ಡಕ್ಷರದ ‘-ಸಿ’ ಹಾಕಿದರೆ ಈ ತೊಂದರೆ ಇಲ್ಲ. ಇದೇ ಬಗೆಯ ಇನ್ನೊಂದು ಟೂಲ್ ‘ಒಡಿ’. ‘ಒಡಿ -ಎ ಡಿ -ಟಿ ಯು4 -ಜೆ 16 -ಎನ್ 4’ (ಎ, ಎನ್ ದೊಡ್ಡಕ್ಷರ) ಅಗಲವನ್ನು 53,70,67,520 ಎನ್ನುತ್ತದೆ, ಸಂಖ್ಯೆಯ ನಡುವಿನ ಅಲ್ಪವಿರಾಮಗಳು ಮಾತ್ರ ನಮ್ಮವು. ಗ್ನೂ ಆವೃತ್ತಿಯಲ್ಲಿ (ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವುದು) ‘--ಎಂಡಿಯನ್=ಬಿಗ್’ ಸೇರಿಸಿದರೆ 800ಕ್ಕೆ ಇಳಿಯುತ್ತದೆ. ಮೌಲ್ಯ ನಂಬಲಾರದಷ್ಟು ದೊಡ್ಡದಾಗಿ ಕಂಡರೆ ಮೊದಲು ಬೈಟ್ ಕ್ರಮವನ್ನೇ ಅನುಮಾನಿಸಿ. ನಡುವೆ ಒಂಟಿ ನಕ್ಷತ್ರವಿರುವ ಸಾಲು ಬಂದರೆ, ಮೇಲಿನ ಸಾಲೇ ಮತ್ತೆ ಮತ್ತೆ ಬಂದದ್ದನ್ನು ಮಡಚಿಟ್ಟಿದ್ದಾರೆ. ‘-ವಿ’ ಕೊಟ್ಟರೆ ಬಿಚ್ಚಿಕೊಳ್ಳುತ್ತದೆ.

ಇನ್ನು ‘ಸ್ಟ್ರಿಂಗ್ಸ್’. ಫೈಲಿನೊಳಗಿನ ಪದಗಳನ್ನು ಹೆಕ್ಕಲು ಎಲ್ಲರೂ ಹೇಳುವ ಟೂಲ್ ಇದೇ, ಆದರೆ ಕನ್ನಡಕ್ಕೆ ಮೋಸ ಮಾಡುತ್ತದೆ. ಯುಟಿಎಫ್-8ರಲ್ಲಿ ‘ಕ’ ಅಕ್ಷರಕ್ಕೆ ಮೂರು ಬೈಟ್: ಇ0 ಬಿ2 95. ಮೂರೂ 127ಕ್ಕಿಂತ ಮೇಲಿನವು. ಸಾಮಾನ್ಯ ಸ್ಥಿತಿಯಲ್ಲಿ ಸ್ಟ್ರಿಂಗ್ಸ್ ಹುಡುಕುವುದು ಸತತ ನಾಲ್ಕಾದರೂ ಆಸ್ಕಿ ಅಕ್ಷರಗಳನ್ನು, ಅಂದರೆ 127ರೊಳಗಿನ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳನ್ನು. ಹಾಗಾಗಿ ಕನ್ನಡ ತುಂಬಿದ ಫೈಲೂ ಖಾಲಿ ಎಂಬಂತೆ ಕಾಣಬಹುದು. ಗ್ನೂ ಆವೃತ್ತಿಗೆ ‘-ಇ ಎಸ್’ (ಎಸ್ ದೊಡ್ಡಕ್ಷರ) ಕೊಟ್ಟರೆ ಕನ್ನಡ ಹೊರಬರುತ್ತದೆ, ಜೊತೆಗೆ ಕಸವೂ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಬೇಕು, ಹೆಸರಿನ ಸುತ್ತಲಿನ ಉದ್ಧರಣ ಚಿಹ್ನೆ ಬೇಡ. ಪತ್ರಿಕೆಗೂ ಒಂದು ಕೋರಿಕೆ. ಪುಟ ಕಟ್ಟುವ ತಂತ್ರಾಂಶ ಎರಡು ಹೈಫನ್‌ಗಳನ್ನು ಸೇರಿಸಿ ಒಂದು ಉದ್ದ ಗೆರೆ ಮಾಡಿಬಿಡುತ್ತದೆ. ‘--ಡಿಕೋಡ್_ರಾ’ ಹಾಗೆ ಅಚ್ಚಾಗಿ ವೆಬ್ ಆವೃತ್ತಿಗೂ ಹೋದರೆ, ಅದನ್ನು ನಕಲು ಮಾಡಿ ಹಾಕಿದವರಿಗೆ ಎರರ್ ಬಿಟ್ಟು ಬೇರೇನೂ ಸಿಗದು. ಕಮಾಂಡ್ ಇರುವ ಸಾಲುಗಳಿಗೆ ಆ ಸ್ವಯಂ ತಿದ್ದುಪಡಿಯನ್ನು ದಯವಿಟ್ಟು ಆಫ್ ಮಾಡಿಸಿ.

– ಒಬ್ಬ ಓದುಗ