ನಿನ್ನಜ್ಜನ ಟ್ಯೂಡರ್‌ಗೆ ಪೇಂಟ್ ಹೊಡೆಸಬೇಡ

ಹಾಸನ
ಭಾನುವಾರ

ಪ್ರೀತಿಯ ಗೆಳೆಯ,

ನೀನು ಕಳಿಸಿದ, ನಿನ್ನಜ್ಜನ ಟ್ಯೂಡರ್ ಅನ್ನುವ ಸ್ವಿಸ್ ಕಂಪನಿಯ ವಾಚಿನ ಫೋಟೋಗಳನ್ನು ನೋಡಿದೆ. ಮೊಬೈಲಿನಲ್ಲಿ ನೋಡಿದ್ದು ಸಾಲದೆ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಕೊಂಡು ಮತ್ತೆ ನೋಡಿದೆ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯವರು ಹೇಳಿದರು ಅಂತ ಆ ವಾಚಿನ ಡಯಲ್ಲಿಗೆ ಹೊಸ ಪೇಂಟ್ ಮಾಡಿಸಬೇಡ. ಕೇಸಿಗೆ ಪಾಲಿಶ್ ಹಾಕಿಸಬೇಡ. ತಂಗಿ ಮದುವೆಗೆ ಕಟ್ಟಿಕೊಳ್ಳಬೇಕು ಅಂತ ಆಸೆಪಟ್ಟಿದ್ದೀಯ. ಕಟ್ಟಿಕೋ, ಆದರೆ ಈಗ ಹೇಗಿದೆಯೋ ಹಾಗೇ ಕಟ್ಟಿಕೋ.

ಇಷ್ಟನ್ನೇ ಆದರೆ ಫೋನಿನಲ್ಲಿ ಹೇಳಬಹುದಿತ್ತು. ಇದನ್ನು ಬರೆದು ಎಲ್ಲರೂ ಓದುವ ಹಾಗೆ ಹಾಕುತ್ತಿರುವುದಕ್ಕೆ ಕಾರಣ ಇದೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯ ಹಳೇ ತೋಟದ ಮನೆಗಳ ಬೀರುಗಳಲ್ಲಿ ಇಂಥ ವಾಚು ಇನ್ನೂ ಕೆಲವು ಇರಬಹುದು. ಅವೂ ಒಂದೊಂದಾಗಿ ಪೇಂಟಿನ ಕೆಳಗೆ ಮುಚ್ಚಿಹೋಗುವುದು ನನಗೆ ಸಂಕಟ.

'ಡಯಲ್ ಟ್ಯೂಡರ್, ಕೀ ರೋಲೆಕ್ಸು, ಯಾರೋ ಜೋಡಿಸಿದ ಡೂಪ್ಲಿಕೇಟ್ ಮಾಲು' ಅಂದರಂತೆ ಆ ಅಂಗಡಿಯವರು. ಅವರಿಗೆ ಅನುಮಾನ ಬಂದಿದ್ದು ಸಹಜವೇ. ಡಯಲ್ಲಿನ ಮೇಲೆ ಗುಲಾಬಿ ಹೂವು, ಅದರ ಕೆಳಗೆ ಟ್ಯೂಡರ್ ಅಂತ ಹೆಸರು. ಕೀ ಮೇಲೆ, ಅಂದರೆ ಪಕ್ಕದಲ್ಲಿ ತಿರುಗಿಸುವ ಗುಂಡಿಯ ಮೇಲೆ, ನೋಡಿದರೆ ರೋಲೆಕ್ಸಿನ ಕಿರೀಟ. ಹಿಂದಿನ ಮುಚ್ಚಳದ ಮೇಲೆ 'ಒರಿಜಿನಲ್ ಆಯ್ಸ್ಟರ್ ಕೇಸ್ ಬೈ ರೋಲೆಕ್ಸ್, ಜಿನೀವಾ' ಅಂತ ಬರಹ. ಎರಡು ವಾಚು ಸೇರಿಸಿ ಒಂದು ಮಾಡಿದ್ದಾರೆ ಅಂತಲೇ ಯಾರಿಗಾದರೂ ಅನಿಸುತ್ತದೆ. ಆದರೆ ಮಾರಾಯ, ಅದು ಹುಟ್ಟಿದ್ದೇ ಹಾಗೆ. ಆ ಕಾಲದ ಟ್ಯೂಡರ್ ಆಯ್ಸ್ಟರ್‌ನ ಕೀ ಮೇಲೆ ರೋಲೆಕ್ಸಿನ ಕಿರೀಟ ಇರಬೇಕಾದದ್ದೇ.

ಎರಡೂ ಕಂಪನಿಗಳ ಹಿಂದೆ ಇದ್ದದ್ದು ಒಬ್ಬನೇ ಮನುಷ್ಯ, ಹಾನ್ಸ್ ವಿಲ್ಸ್‌ಡಾರ್ಫ್. ಜರ್ಮನಿಯಲ್ಲಿ ಹುಟ್ಟಿ, 1905ರಲ್ಲಿ ಲಂಡನ್ನಿನಲ್ಲಿ ವಾಚಿನ ವ್ಯಾಪಾರ ಶುರುಮಾಡಿ, 1908ರಲ್ಲಿ ರೋಲೆಕ್ಸ್ ಹೆಸರನ್ನು ನೋಂದಾಯಿಸಿದವನು. ನೀರು, ಧೂಳು ಒಳಗೆ ಹೋಗದ ಆಯ್ಸ್ಟರ್ ಕೇಸು ಬಂದದ್ದು 1926ರಲ್ಲಿ. ಟ್ಯೂಡರ್ ಅನ್ನುವ ಹೆಸರು ನೋಂದಣಿಯಾದದ್ದೂ ಅದೇ ವರ್ಷ. ಆಮೇಲೆ 1946ರಲ್ಲಿ 'ಮೊಂತ್ರ್ ಟ್ಯೂಡರ್' ಅಂತ ಬೇರೆ ಕಂಪನಿಯನ್ನೇ ಮಾಡಿದ. ಅವನ ಲೆಕ್ಕ ಸರಳವಾಗಿತ್ತು. ರೋಲೆಕ್ಸಿನಷ್ಟೇ ನಂಬಬಹುದಾದ, ಆದರೆ ಕಡಿಮೆ ಬೆಲೆಗೆ ಸಿಗುವ ವಾಚು ಬೇಕು. ಅದಕ್ಕೆ ಕೇಸು, ಕೀ, ಚೈನು ಎಲ್ಲ ರೋಲೆಕ್ಸಿನಿಂದ ಬಂತು. ಒಳಗಿನ ಮೆಷಿನ್ ಮಾತ್ರ ಹೊರಗಿನಿಂದ, ಫ್ಲೂರಿಯೆ, ಇಟಿಎಯಂಥ ಸ್ವಿಸ್ ತಯಾರಕರಿಂದ. ಬೆಲೆ ಇಳಿದದ್ದು ಹೆಚ್ಚಾಗಿ ಅಲ್ಲೇ.

ಇದರಿಂದಲೇ 'ಬಡವರ ರೋಲೆಕ್ಸ್' ಅನ್ನುವ ಹೆಸರು ಅಂಟಿಕೊಂಡಿತು. ಎಷ್ಟೋ ವರ್ಷ ಟ್ಯೂಡರನ್ನು ಯಾರೂ ಟ್ಯೂಡರ್ ಅಂತ ನೋಡಲಿಲ್ಲ. ರೋಲೆಕ್ಸ್ ಕೊಳ್ಳಲಾಗದವರು ತಗೊಳ್ಳುವ ವಾಚು ಅಂತಲೇ ನೋಡಿದರು. ಈ ಮಾತು ನನಗೆ ಒಂಚೂರೂ ಹಿಡಿಸುವುದಿಲ್ಲ. ದುಡಿಯಲಿ ಅಂತ ಮಾಡಿದ ವಾಚು ಅದು. ದುಡಿದೂ ತೋರಿಸಿದೆ.

ನಿನ್ನಜ್ಜನದ್ದು ಆಯ್ಸ್ಟರ್ ಪ್ರಿನ್ಸ್. ಈ ಮಾದರಿ ಬಂದದ್ದು 1952ರಲ್ಲಿ. ರೋಲೆಕ್ಸಿನ ಹೆಗ್ಗಳಿಕೆಯಾಗಿದ್ದ ಎರಡು ವಿಷಯಗಳನ್ನು, ಅಂದರೆ ನೀರು ಹೋಗದ ಕೇಸು ಮತ್ತು ಕೈ ಆಡಿಸಿದರೆ ತಾನೇ ಕೀ ತುಂಬಿಕೊಳ್ಳುವ ರೋಟರನ್ನು, ವಿಲ್ಸ್‌ಡಾರ್ಫ್ ಒಟ್ಟಿಗೇ ಟ್ಯೂಡರ್‌ಗೆ ಕೊಟ್ಟ. ನಿನ್ನ ಫೋಟೋದಲ್ಲಿ ಡಯಲ್ಲಿನ ಕೆಳಭಾಗದಲ್ಲಿ ಅಕ್ಷರಗಳು ಬಾಗಿ ನಿಂತಿವೆ ನೋಡು, 'ರೋಟರ್ ಸೆಲ್ಫ್-ವೈಂಡಿಂಗ್' ಅಂತ. ಅದನ್ನೇ ಹೇಳುತ್ತಿರುವುದು.

ಅದೇ 1952ರಲ್ಲಿ ಬ್ರಿಟಿಷ್ ನಾರ್ತ್ ಗ್ರೀನ್‌ಲ್ಯಾಂಡ್ ಎಕ್ಸ್‌ಪೆಡಿಶನ್ ಹೊರಟಿತು. ಎರಡು ವರ್ಷ ಹಿಮದ ಮೇಲೆ ಇದ್ದು ವಿಜ್ಞಾನದ ಕೆಲಸ ಮಾಡಲು ಹೋದ ತಂಡ. ಅವರಿಗೆ 26 ಆಯ್ಸ್ಟರ್ ಪ್ರಿನ್ಸ್ ವಾಚು ಕೊಟ್ಟಿದ್ದರು. ಷೋಕೇಸಿನಲ್ಲಿ ಇಡುವುದಕ್ಕಲ್ಲ, ಕೈಗೆ ಕಟ್ಟಿಕೊಂಡು ಕೆಲಸ ಮಾಡುವುದಕ್ಕೆ. ರೇಡಿಯೋದಲ್ಲಿ ಬರುವ ಸಮಯದ ಜೊತೆ ಹೋಲಿಸಿ ವಾಚು ಎಷ್ಟು ಹಿಂದೆ ಮುಂದೆ ಓಡುತ್ತದೆ ಅಂತ ಬರೆದಿಡಲೂ ಹೇಳಿದ್ದರು. ಆ ಕಾಲದ ಟ್ಯೂಡರ್ ಜಾಹೀರಾತುಗಳಲ್ಲೂ ಕೋಟು ಹಾಕಿದ ಸಾಹೇಬರಷ್ಟೇ ಇರಲಿಲ್ಲ. ಕಲ್ಲಿದ್ದಲ ಗಣಿಯಲ್ಲಿ ಅಗೆಯುವವನ ಕೈಯಲ್ಲಿ 252 ಗಂಟೆ ಇದ್ದ ವಾಚು, ಕಲ್ಲು ಕಡಿಯುವವನ ಕೈಯಲ್ಲಿ ತಿಂಗಳುಗಟ್ಟಲೆ ಇದ್ದ ವಾಚು ಅಂತ ಕೂಲಿ ಕೆಲಸದವರನ್ನು ಮುಂದಿಟ್ಟು ಹೇಳುತ್ತಿದ್ದರು.

ಫ್ರಾನ್ಸಿನ ನೌಕಾಪಡೆಯವರ ಕಥೆ ನನಗೆ ಇನ್ನೂ ಇಷ್ಟ. 1954ರಲ್ಲಿ ಟ್ಯೂಡರ್ ಸಬ್‌ಮರೀನರ್ ಬಂತು, 100 ಮೀಟರ್ ಆಳಕ್ಕೆ ತಾಳುವಂಥದ್ದು. ಕೆಲವೇ ವರ್ಷದಲ್ಲಿ ಅದು 200 ಮೀಟರಿಗೆ ಏರಿತು. ಫ್ರೆಂಚ್ ನೌಕಾಪಡೆ 1950ರ ದಶಕದಿಂದ 80ರ ದಶಕದವರೆಗೂ ತನ್ನ ಮುಳುಗುಗಾರರಿಗೆ ಇದನ್ನು ಕೊಟ್ಟಿತು. 1969ರಲ್ಲಿ ಗಂಟೆಯ ಮುಳ್ಳಿಗೆ ಚೌಕಾಕಾರದ ದೊಡ್ಡ ತಲೆ ಬಂತು. ಸಂಗ್ರಾಹಕರು ಅದನ್ನು 'ಸ್ನೋಫ್ಲೇಕ್' ಅನ್ನುತ್ತಾರೆ. ಕಲಕಿದ ನೀರಿನಲ್ಲೂ ಯಾವ ಮುಳ್ಳು ಯಾವುದು ಅಂತ ಥಟ್ಟನೆ ಗೊತ್ತಾಗಬೇಕಲ್ವಾ, ಅದಕ್ಕೆ. ಸೈನ್ಯಕ್ಕೆ ಹೋದ ವಾಚುಗಳ ಬೆನ್ನ ಮೇಲೆ 'ಎಂ.ಎನ್.' (ಮರೀನ್ ನಾಸಿಯೊನಾಲ್, ಅಂದರೆ ಫ್ರೆಂಚ್ ನೌಕಾಪಡೆ) ಅಂತ, ಪಕ್ಕದಲ್ಲಿ ಇಸವಿ ಕೊರೆದಿರುತ್ತಿದ್ದರು. ಚೈನು ಬರುತ್ತಿರಲಿಲ್ಲ. ಪ್ಯಾರಾಚೂಟಿನ ಇಲಾಸ್ಟಿಕ್ ಪಟ್ಟಿ ಕತ್ತರಿಸಿ ತಾವೇ ಬೆಲ್ಟು ಹೊಲಿದುಕೊಂಡವರೂ ಇದ್ದರು. ಇವತ್ತು ಅಂಥ ಒಂದು ವಾಚು ನಮ್ಮಂಥವರ ಕೈಗೆ ಎಟುಕುವುದಿಲ್ಲ. ಆದರೂ ಅವುಗಳ ಫೋಟೋ ನೋಡುತ್ತಾ ಕೂತರೆ ನನಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ನನ್ನ ಹತ್ತಿರ ಇರುವುದು ಚಿಕ್ಕವು, ಸಾದಾ ಟ್ಯೂಡರ್‌ಗಳು. ಅವುಗಳಲ್ಲಿ ಒಂದು, ಕೊಡಗಿನ ಒಬ್ಬ ನಿವೃತ್ತ ಮಿಲಿಟರಿ ಅಧಿಕಾರಿಯ ಮನೆಯಿಂದ ಬಂದ ಆಯ್ಸ್ಟರ್ ಪ್ರಿನ್ಸ್, ನಿನ್ನಜ್ಜನದ್ದರ ಹಾಗೇ ಇದೆ. ಭೂತಗನ್ನಡಿ ಹಿಡಿದು ಅದರ ಡಯಲ್ಲನ್ನು ನೋಡಿದರೆ ಏನು ಕಾಣುತ್ತದೆ ಅಂತ ನಿನಗೆ ಹೇಳಲೇಬೇಕು. ಗುಲಾಬಿ ಒಂದು ಮೆಂತ್ಯದ ಕಾಳಿನಷ್ಟೂ ಇಲ್ಲ. ಅಷ್ಟರಲ್ಲೇ ಎಸಳುಗಳು ಬೇರೆಬೇರೆ, ನಡುವೆ ಇನ್ನೊಂದು ಚಿಕ್ಕ ಸುತ್ತು. ಇಂಗ್ಲೆಂಡಿನ ಟ್ಯೂಡರ್ ರಾಜವಂಶದ ಗುರುತು ಅದು. ಅಕ್ಷರಗಳ ಅಂಚು ಬ್ಲೇಡಿನಲ್ಲಿ ಕತ್ತರಿಸಿದಷ್ಟು ಚೂಪು. ನಿಮಿಷದ ಗೆರೆಗಳು ಒಂದೇ ಅಳತೆ, ಒಂದೂ ಓರೆಯಿಲ್ಲ. ಆರರ ಅಂಕಿಯ ಕೆಳಗೆ, ಗ್ಲಾಸಿನ ಅಂಚಿಗೆ ಒತ್ತಿಕೊಂಡು 'ಸ್ವಿಸ್' ಅನ್ನುವ ಪುಟ್ಟ ಬರಹ. ಬೆಳ್ಳಿ ಬಣ್ಣದ ಡಯಲ್ ಅಂಚಿನ ಕಡೆ ಜೇನಿನ ಬಣ್ಣಕ್ಕೆ ತಿರುಗಿದೆ. ಒಂಬತ್ತರ ಹತ್ತಿರ ಒಂದು ಕಡೆ ಮಾತ್ರ ಬಣ್ಣ ದಟ್ಟ. ಯಾವುದೋ ಮಳೆಗಾಲದಲ್ಲಿ ತೇವ ಹೋಗಿದ್ದಿರಬೇಕು.

ಈಗ ಪೇಂಟ್ ಮಾಡಿದ ಡಯಲ್ ಹೇಗಿರುತ್ತದೆ ಕೇಳು. ಹಳೆಯ ಬಣ್ಣವನ್ನೆಲ್ಲ ಕೆರೆದು ತೆಗೆದು, ಹೊಸ ಬಣ್ಣ ಬಳಿದು, ಮೇಲೆ ಅಕ್ಷರ ಅಚ್ಚು ಹಾಕುತ್ತಾರೆ. ದೂರದಿಂದ ಫಳಫಳ ಅನ್ನುತ್ತದೆ. ಹತ್ತಿರ ಹೋದರೆ ಗುಲಾಬಿ ಬರೀ ಒಂದು ಮುದ್ದೆ. ಅಕ್ಷರಗಳು ದಪ್ಪ, ಅಂಚು ಹಬ್ಬಿಕೊಂಡಿರುತ್ತದೆ. ನಿಮಿಷದ ಗೆರೆ ಗಂಟೆಯ ಗುರುತಿಗೆ ಕೂಡುವುದಿಲ್ಲ. ಕೆಳಗಿನ 'ಸ್ವಿಸ್' ಎಷ್ಟೋ ಸಲ ಇರುವುದೇ ಇಲ್ಲ. ಆನ್‌ಲೈನಿನಲ್ಲಿ ನಮ್ಮ ದೇಶದಿಂದ ಮಾರಾಟಕ್ಕೆ ಬರುವ ಹಳೇ ವಾಚುಗಳಲ್ಲಿ ಇಂಥವು ರಾಶಿ ರಾಶಿ. ಕಿತ್ತಳೆ ಡಯಲ್, ನೇರಳೆ ಡಯಲ್, ಕಂಪನಿ ಯಾವತ್ತೂ ಮಾಡದ ಬಣ್ಣಗಳು. ಹೊರದೇಶದ ಸಂಗ್ರಾಹಕರು ಇಂಡಿಯಾದ ವಾಚು ಅಂದರೆ ಹಿಂದೆ ಸರಿಯುವುದು ಇದಕ್ಕೇ. ನಿನ್ನ ವಾಚಿನ ಡಯಲ್ ಮಾಸಿದೆ, ನಿಜ. ಆದರೆ ಫೋಟೋದಲ್ಲಿ ಕಂಡಷ್ಟು ಮಟ್ಟಿಗೆ ಅದು ಕಂಪನಿಯಿಂದ ಬಂದಾಗಿನದ್ದೇ. ಒಮ್ಮೆ ಕೆರೆದರೆ ಮತ್ತೆ ಯಾರಿಂದಲೂ ತರಲಾಗುವುದಿಲ್ಲ.

ಕೆರೆಯಬಾರದು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ, ಇದನ್ನು ಗಮನವಿಟ್ಟು ಓದು. ಮುಳ್ಳುಗಳ ಮೇಲೆ, ಗಂಟೆಯ ಗುರುತಿನ ಪಕ್ಕದಲ್ಲಿ ಕಂದುಬಣ್ಣಕ್ಕೆ ತಿರುಗಿದ ಚುಕ್ಕೆಗಳಿವೆ. ಕತ್ತಲಲ್ಲಿ ಹೊಳೆಯಲಿ ಅಂತ ಹಚ್ಚಿದ್ದು. 1960ರ ದಶಕದ ಶುರುವಿನವರೆಗೆ ಅದಕ್ಕೆ ವಿಕಿರಣ ಸೂಸುವ ರೇಡಿಯಂ ಲೋಹ ಬಳಸುತ್ತಿದ್ದರು. ಈಗ ಹೊಳಪು ಹೋಗಿದೆ. ಆದರೆ ರೇಡಿಯಂ ಹೋಗಿಲ್ಲ, ಅದು ಅರ್ಧದಷ್ಟು ಕರಗುವುದಕ್ಕೇ ಸುಮಾರು 1600 ವರ್ಷ ಬೇಕು. ಕೆರೆದಾಗ ಏಳುವ ಪುಡಿ ಉಸಿರಿನಲ್ಲಿ ಒಳಗೆ ಹೋದರೆ ಅಪಾಯ. ಆದ್ದರಿಂದ ನೀನೇ ಮುಚ್ಚಳ ಬಿಚ್ಚಿ ನೋಡುವ ಕೆಲಸಕ್ಕೆ ಹೋಗಬೇಡ. ಮಕ್ಕಳ ಕೈಗೆ ಆಡಲು ಕೊಡಬೇಡ. ರಿಪೇರಿಯವರಿಗೂ ಮೊದಲೇ ಹೇಳು.

ಹಾಗಂತ ವಾಚನ್ನು ಸುಮ್ನೆ ಬೀರುವಿನಲ್ಲಿ ಇಡು ಅನ್ನುತ್ತಿಲ್ಲ. ಒಳಗಿನ ಮೆಷಿನ್ ಬಿಚ್ಚಿ, ತೊಳೆದು, ಎಣ್ಣೆ ಹಾಕಿಸಲೇಬೇಕು. ಒಣಗಿದ ಎಣ್ಣೆಯಲ್ಲೇ ಓಡಿದರೆ ಹಲ್ಲುಗಳು ಸವೆಯುತ್ತವೆ. ಗ್ಲಾಸು ಪ್ಲಾಸ್ಟಿಕ್ಕಿನದ್ದು. ಮೇಲಿನ ಗೀರುಗಳು ಉಜ್ಜಿದರೆ ಹೋಗುತ್ತವೆ, ಅದಕ್ಕೆ ನನ್ನ ಅಡ್ಡಿಯಿಲ್ಲ. ಕೇಸನ್ನು ಮಾತ್ರ ಮುಟ್ಟಿಸಬೇಡ. ಪಾಲಿಶ್ ಚಕ್ರಕ್ಕೆ ಹಿಡಿದರೆ ಬೆಲ್ಟು ಸಿಕ್ಕಿಸುವ ಕಿವಿಗಳ ಅಂಚು ಕರಗಿ ಸಾಬೂನಿನ ಹಾಗೆ ಆಗುತ್ತದೆ. ಬೆಲ್ಟು ತೆಗೆದರೆ ಆ ಕಿವಿಗಳ ನಡುವೆ ಹನ್ನೆರಡರ ಕಡೆ ಮಾದರಿಯ ಸಂಖ್ಯೆ, ಆರರ ಕಡೆ ಸೀರಿಯಲ್ ಸಂಖ್ಯೆ ಕೊರೆದಿರುತ್ತದೆ. ಅವೆರಡರ ಫೋಟೋ ನನಗೆ ಕಳಿಸು. ಯಾವ ಕಾಲದ್ದು ಅಂತ ಸುಮಾರಾಗಿ ಹೇಳಬಹುದು. ಸರ್ವಿಸ್‌ನಲ್ಲಿ ಏನಾದರೂ ಬದಲಾಯಿಸಿದರೆ ಹಳೆಯ ಭಾಗವನ್ನು ಕೇಳಿ ವಾಪಸ್ ತಗೋ, ಒಂದು ಸ್ಕ್ರೂ ಆದರೂ ಸರಿ.

ಟ್ಯೂಡರ್ ಒಳಗೆ ಸಾದಾ ಮೆಷಿನ್ ಅಂತ ಹಳಿಯುವವರಿಗೆ ನಾನು ಹೇಳುವುದು ಇದನ್ನೇ. 60ರ ದಶಕದ ನಂತರದ ಹಳೇ ಟ್ಯೂಡರ್‌ಗಳಲ್ಲಿ ಹೆಚ್ಚಾಗಿ ಇರುವುದು ಇಟಿಎ ಮೆಷಿನ್. ಅದನ್ನು ಬಲ್ಲ ಕೈಗಳು ನಮ್ಮೂರುಗಳಲ್ಲೂ ಇವೆ. ಇಲ್ಲಿ ಹಾಸನದಲ್ಲಿ ನನ್ನ ವಾಚುಗಳನ್ನು ನೋಡಿಕೊಳ್ಳುವ ಹಿರಿಯರು ಎಚ್ಎಂಟಿ ಬಿಚ್ಚಿ ಬಿಚ್ಚಿ ಕೈ ಪಳಗಿಸಿಕೊಂಡವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ರೋಟರನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿ, 'ಒಳ್ಳೆ ಮೆಷಿನ್ ಇದು, ಹೆದರಬೇಡಿ' ಅನ್ನುತ್ತಾರೆ. ಅಷ್ಟು ಕೇಳಿದರೆ ನನಗೆ ಜೀವ ಬಂದ ಹಾಗೆ.

ನಿನ್ನಜ್ಜನಿಗೆ ಇದು ಎಲ್ಲಿ ಸಿಕ್ಕಿತು ಅಂತ ಅಮ್ಮನನ್ನು ಕೇಳಿ ಬರೆದಿಡು. ಹೊರಗಿನ ವಾಚು ತರಿಸುವುದಕ್ಕೆ ಸರ್ಕಾರದ ಕಟ್ಟುಪಾಡು ಬಿಗಿಯಾಗಿದ್ದ ಕಾಲ ಅದು. 1961ರಲ್ಲಿ ಸಿಟಿಜನ್ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್ಎಂಟಿ ವಾಚು ಶುರುವಾದ ಮೇಲೆ ನಮ್ಮ ಕಡೆ ಮನೆಮನೆಗೂ ಅದೇ. ಅಂಥದ್ದರಲ್ಲಿ ಒಂದು ಟ್ಯೂಡರ್ ನಿಮ್ಮ ತೋಟಕ್ಕೆ ಬಂದಿದೆ ಅಂದರೆ ಅದರ ಹಿಂದೆ ಯಾರದೋ ಪ್ರಯಾಣ ಇದ್ದೇ ಇರುತ್ತದೆ. ಹಡಗಿನಲ್ಲಿ ಬಂದ ನೆಂಟರೋ, ಮಿಲಿಟರಿಯವರೋ, ಯಾರಾದರೂ ಇಂಗ್ಲಿಷ್ ದೊರೆಗಳು ತೋಟ ಬಿಟ್ಟು ಹೋಗುವಾಗ ಕೊಟ್ಟದ್ದೋ. ಅಮ್ಮನಿಗೆ ನೆನಪಿದ್ದರೆ ಈಗಲೇ ಕೇಳಿಬಿಡು. ನಿನ್ನಜ್ಜ ಸಂಜೆ ಕಣದಲ್ಲಿ ನಿಂತು ಕಾಫಿ ಹಣ್ಣು ತೂಗಿಸುವಾಗ ತೋಳು ಮಡಚಿ ಟೈಮು ನೋಡುತ್ತಿದ್ದದ್ದು ನನಗೂ ನೆನಪಿದೆ. ಮುಚ್ಚಳದ ಮೇಲಿನ ಗೀರು, ಕಿವಿಯ ಮೇಲಿನ ಆ ಒಂದು ತಗ್ಗು, ಎಲ್ಲ ಅಂಥ ದಿನಗಳಲ್ಲೇ ಆದವು. ಪಾಲಿಶ್ ಅಂದರೆ ಅದನ್ನೂ ಉಜ್ಜಿ ಹಾಕುವುದೇ ತಾನೆ?

ರೋಲೆಕ್ಸ್ ಯಾಕೆ ಕೂಡಿಸುವುದಿಲ್ಲ ಅಂತ ಕೇಳಿದ್ದೀಯ. ದುಡ್ಡಿನ ಮಾತು ಬಿಡು. ರೋಲೆಕ್ಸ್ ಬಗ್ಗೆ ತಿಳಿಯಬೇಕಾದದ್ದನ್ನೆಲ್ಲ ಬೇರೆಯವರು ಹುಡುಕಿ ಮುಗಿಸಿದ್ದಾರೆ. ಟ್ಯೂಡರ್‌ನಲ್ಲಿ ಇನ್ನೂ ಹುಡುಕುವುದಕ್ಕಿದೆ. ಒಂದು ಡಯಲ್ಲಿನಲ್ಲಿ ಗುಲಾಬಿ ದೊಡ್ಡದು, ಇನ್ನೊಂದರಲ್ಲಿ ಚಿಕ್ಕದು, 1969ರಿಂದ ಗುಲಾಬಿಯ ಬದಲು ಗುರಾಣಿಯ ಗುರುತು. ಒಂದೇ ಮಾದರಿಯೊಳಗೂ ಮುಳ್ಳು ಬೇರೆ, ಅಕ್ಷರ ಬೇರೆ. ಒಂದು ಸಿಕ್ಕರೆ ವಾರಗಟ್ಟಲೆ ಹಳೇ ಕ್ಯಾಟಲಾಗು ನೋಡಿ ಹೊಂದಿಸುವ ಸುಖ ಇದೆಯಲ್ಲ, ಅದು ನನಗೆ ಬೇಕು. ಕಂಪನಿಯೂ ಈಗ ನೆರಳಿನಿಂದ ಹೊರಗೆ ಬಂದಿದೆ. 2012ರ ಬ್ಲ್ಯಾಕ್ ಬೇ ಮಾದರಿ ಬಂದ ಮೇಲೆ ಜನ ತಿರುಗಿ ನೋಡಿದರು, 2015ರಿಂದ ತನ್ನದೇ ಮೆಷಿನ್ ಕೂಡ ಹಾಕುತ್ತಿದೆ. ಗ್ರೀನ್‌ಲ್ಯಾಂಡ್ ಯಾತ್ರೆಗೆ 70 ವರ್ಷ ಆಯಿತು ಅಂತ 2022ರಲ್ಲಿ ಹೊಸ ರೇಂಜರ್ ತಂದರು. ಒಳ್ಳೆಯ ವಾಚುಗಳೇ. ಆದರೂ ನನ್ನ ಮನಸ್ಸು ನಿನ್ನಜ್ಜನ ಕಾಲದವುಗಳ ಮೇಲೇ.

ಮುಂದಿನ ವಾರ ಹಾಸನಕ್ಕೆ ಬಾ. ಇಬ್ಬರೂ ಹೋಗಿ ಆ ಹಿರಿಯರಿಗೆ ತೋರಿಸೋಣ. ಮದುವೆಗೆ ಇನ್ನೂ ದಿನ ಇದೆ, ಅಷ್ಟರಲ್ಲಿ ಸರ್ವಿಸ್ ಮಾಡಿಕೊಡುತ್ತಾರೆ. ಹಳೇ ಬೆಲ್ಟು, ಡಬ್ಬಿ, ಚೀಟಿ ಏನಿದ್ದರೂ ಎಸೆಯದೆ ತಗೊಂಡು ಬಾ. ಆಯ್ಸ್ಟರ್ ಕೇಸು ಅಂತ ನಂಬಿ ಬೈಕಿನಲ್ಲಿ ಮಳೆಗೆ ಒಡ್ಡಬೇಡ. ಒಳಗಿನ ವಾಷರು ಇಷ್ಟು ವರ್ಷದಲ್ಲಿ ಗಟ್ಟಿಯಾಗಿರುತ್ತದೆ, ನೀರು ತಡೆಯುವುದಿಲ್ಲ. ಮಳೆ ಬಂದರೆ ಬಿಚ್ಚಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಳಜೇಬಿಗೆ ಹಾಕಿಕೋ. ಬರುವ ಹಿಂದಿನ ದಿನ ಒಂದು ಫೋನು ಮಾಡು, ಅವರ ಅಂಗಡಿ ಬಾಗಿಲು ತೆಗೆದಿರುತ್ತದೋ ಇಲ್ಲವೋ ಕೇಳಿಟ್ಟಿರುತ್ತೇನೆ.

ನಿನ್ನ ಗೆಳೆಯ