ಬೆತ್ತ ಬಿಡಿ ಎಂದರಷ್ಟೇ ಸಾಲದು: ಉಪನಿರ್ದೇಶಕರಿಗೊಂದು ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ,

ಮಾನ್ಯರೇ,

ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ನಿಷೇಧಿಸಿದೆ. ಅದನ್ನು ನೆನಪಿಸಲು ಇನ್ನೊಂದು ಸುತ್ತೋಲೆ ಬೇಡ. ಬೆತ್ತದ ಜಾಗದಲ್ಲಿ ಏನು ಮಾಡಬೇಕೆಂದು ಶಿಕ್ಷಕರಿಗೆ ಕಲಿಸುವ ಏರ್ಪಾಡು ಬೇಕು.

ಅಂಥದೊಂದು ಏರ್ಪಾಡು ಸಕಾರಾತ್ಮಕ ವರ್ತನಾ ಬೆಂಬಲ: ಶಿಕ್ಷಿಸುವ ಬದಲು ಒಳ್ಳೆಯ ನಡವಳಿಕೆಯನ್ನು ಮೊದಲೇ ಕಲಿಸುವ, ಅಮೆರಿಕದ ಶಾಲೆಗಳಲ್ಲಿ ಬೆಳೆದ ಪದ್ಧತಿ. ಇದರಲ್ಲಿ ಮೂರು ಹಂತ. ಮೊದಲ ಹಂತ ಎಲ್ಲ ಮಕ್ಕಳಿಗೆ. ಅದು ಸಾಲದ ಶೇ. 15ರಷ್ಟು ಮಕ್ಕಳಿಗೆ ಎರಡನೆಯದು, ಶೇ. 5ರಷ್ಟು ಮಕ್ಕಳಿಗೆ ಪ್ರತ್ಯೇಕ ಯೋಜನೆ. ಇವು ಅಲ್ಲಿನ ಅಂದಾಜು. ಹೊಸನಗರ ಕಡೆಯ 20 ಮಕ್ಕಳ ಶಾಲೆಯಲ್ಲಿ ಶೇ. 5 ಅಂದರೆ ಒಂದೇ ಮಗು.

ಮೊದಲ ಹಂತಕ್ಕೆ ಮೂರರಿಂದ ಐದು ನಿಯಮ ಸಾಕು. 'ಗಲಾಟೆ ಮಾಡಬೇಡಿ' ಎಂದರೆ ಏನು ಮಾಡಬೇಕೆಂದು ಮಗುವಿಗೆ ತಿಳಿಯುವುದಿಲ್ಲ. ಬಿಸಿಯೂಟಕ್ಕೆ ಮುಂಚೆ ನಲ್ಲಿಯ ಹತ್ತಿರವೇ ಕಲಿಸಬೇಕು: ತಟ್ಟೆ ಎಡಗೈಲಿ, ಮುಂದಿನವರಿಂದ ಒಂದು ಕೈ ದೂರ, ಕೈ ತೊಳೆದು ನಲ್ಲಿ ನಿಲ್ಲಿಸಿ, ಜಗುಲಿಯ ಬಲಬದಿಯಿಂದ ಹೋಗಿ ಕೂರುವುದು. ಮೊದಲ ವಾರ ದಿನಾ ಹತ್ತು ನಿಮಿಷ, ದಸರಾ ರಜೆ ಮುಗಿದ ಮೇಲೆ ಮತ್ತೊಮ್ಮೆ. 'ಗುಡ್' ಎಂದು ಬಿಡದೆ, 'ಚಿಕ್ಕವಳಿಗೆ ಮೊದಲು ಬಿಟ್ಟೆಯಲ್ಲ, ಭೇಷ್' ಎನ್ನಬೇಕು. ಒಂದು ತಿದ್ದುವ ಮಾತಿಗೆ ನಾಲ್ಕಾದರೂ ಮೆಚ್ಚುಗೆಯ ಮಾತು ಇರಲಿ.

ಎಷ್ಟೋ ಸಲ ತಪ್ಪು ಮಗುವಿನದಲ್ಲ. ಅರವತ್ತು ಮಕ್ಕಳಿಗೆ ಒಂದೇ ನಲ್ಲಿ ಇದ್ದರೆ ತಳ್ಳಾಟ ಇದ್ದದ್ದೇ. ಜುಲೈ ಮಳೆಯಲ್ಲಿ ಮೈದಾನ ಕೆಸರಾಗಿ ಶಾಲೆಯೆಲ್ಲ ಜಗುಲಿಗೆ ಬಂದಾಗ ಬಿಡುವನ್ನು ಎರಡು ತಂಡಕ್ಕೆ ಹಂಚುವುದು ಗದರುವುದಕ್ಕಿಂತ ಸುಲಭ. ಊರಿಗಿರುವ ಒಂದೇ ಬಸ್ಸು ತಡವಾದರೆ ಮಗುವನ್ನು ಬಾಗಿಲಲ್ಲಿ ನಿಲ್ಲಿಸಿ ಪ್ರಯೋಜನವೇನು?

ಕಷ್ಟವಾಗುವುದು ಪದೇ ಪದೇ ಗೊಂದಲ ಮಾಡುವ ಮಗುವಿನ ವಿಷಯದಲ್ಲಿ. ಅದಕ್ಕೊಂದು ನೋಟ್‌ಬುಕ್ ಸಾಕು: ಸಮಯ, ಜಾಗ, ಅದಕ್ಕೆ ಮುಂಚೆ ಏನಾಯ್ತು, ಮಗು ಏನು ಮಾಡಿತು, ಆಮೇಲೆ ನಾವೇನು ಮಾಡಿದೆವು. 'ಹುಡುಗ ತುಂಬಾ ತಂಟೆಕೋರ' ಎಂಬುದು ದಾಖಲೆಯಲ್ಲ. 'ಭಾಗಾಕಾರದ ಲೆಕ್ಕ ಕೊಟ್ಟೆ, ಪಕ್ಕದವನ ಪೆನ್ಸಿಲ್ ಮುರಿದ, ಹೊರಗೆ ನಿಲ್ಲಿಸಿದೆ' ಎಂಬುದು ದಾಖಲೆ. ಇಂಥ ನಾಲ್ಕೈದು ಸಾಲು ಕೂಡಿದರೆ ಕಾರಣದ ಸುಳಿವು ಸಿಗುತ್ತದೆ: ಹೊರಗೆ ನಿಲ್ಲಿಸಿದ್ದು ಅವನಿಗೆ ಶಿಕ್ಷೆಯಲ್ಲ, ಲೆಕ್ಕದಿಂದ ಬಿಡುಗಡೆ. ಅಂಥವನಿಗೆ ಹತ್ತರ ಬದಲು ಮೂರು ಲೆಕ್ಕ ಕೊಟ್ಟು, 'ಗೊತ್ತಾಗ್ಲಿಲ್ಲ ಸಾರ್' ಎಂದು ಕೈಯೆತ್ತುವುದನ್ನು ಕಲಿಸಿ, ಕೈಯೆತ್ತಿದ ಕೂಡಲೇ ಹತ್ತಿರ ಹೋಗಬೇಕು. ಹೊರಗೆ ಕಳಿಸುವುದು ನಿಂತ ಮೊದಲ ಕೆಲವು ದಿನ ತಂಟೆ ಇನ್ನೂ ಜಾಸ್ತಿಯಾಗಬಹುದು. 'ಇದೆಲ್ಲ ನಮ್ಮ ಮಕ್ಕಳಿಗೆ ಆಗಿಬರಲ್ಲ' ಎಂದು ಕೈಬಿಡುವುದು ಸಾಮಾನ್ಯವಾಗಿ ಆಗಲೇ.

ಗಮನ ಸೆಳೆಯಲು ತಂಟೆ ಮಾಡುವ ಮಗುವಿಗೆ ದಿನದ ಕಾರ್ಡು: ಮೂರು ನಿಯಮ, ನಾಲ್ಕು ಅವಧಿ, ಪ್ರತಿ ಅವಧಿಯಲ್ಲೂ ಒಂದೊಂದು ನಿಯಮಕ್ಕೆ 0ಯಿಂದ 2 ಅಂಕ, ಒಟ್ಟು 24. 20 ಬಂದರೆ ಆ ದಿನದ ಗುರಿ ಮುಟ್ಟಿತು. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಎರಡು ನಿಮಿಷ, ಸಂಜೆ ಎರಡು ನಿಮಿಷ ಒಬ್ಬರೇ ಶಿಕ್ಷಕರು ಮಗುವಿನ ಜೊತೆ ಕೂರಬೇಕು. ಕೊಟ್ಟ ಅಂಕ ಕಿತ್ತುಕೊಳ್ಳಬಾರದು, ಕಾರ್ಡನ್ನು ಗೋಡೆಗೆ ಅಂಟಿಸಬಾರದು.

ನಿಮ್ಮಿಂದ ಆಗಬೇಕಾದ್ದು ಇಷ್ಟು. ತಾಲ್ಲೂಕಿಗೊಂದು ಕ್ಲಸ್ಟರ್‌ನಿಂದ (ಅಕ್ಕಪಕ್ಕದ ಶಾಲೆಗಳ ಗುಂಪಿನಿಂದ) ಶುರು ಮಾಡಿ. ಶಾಲೆ ತೆರೆಯುವ ಮುನ್ನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ನಿಂದ ಎರಡು ದಿನ ತರಬೇತಿ ಕೊಡಿಸಿ. ನಲ್ಲಿಯ ಹತ್ತಿರ ಇರುವವರು ಬಿಸಿಯೂಟದ ಅಡುಗೆಯವರು, ಅವರನ್ನೂ ಅತಿಥಿ ಶಿಕ್ಷಕರನ್ನೂ ಬಿಡಬೇಡಿ. ಕ್ಲಸ್ಟರ್ ಸಭೆಯಲ್ಲಿ ತಿಂಗಳಿಗೊಂದು ಗಂಟೆ ಆ ನೋಟ್‌ಬುಕ್ ಓದುವುದಕ್ಕೇ ಮೀಸಲಿಡಿ. ಏಕೋಪಾಧ್ಯಾಯ ಶಾಲೆಯವರಿಗೆ ಜೊತೆಗೂಡಿ ಯೋಚಿಸಲು ಸಿಗುವುದು ಆ ಗಂಟೆ ಮಾತ್ರ. ಮಕ್ಕಳ ಹೆಸರಿರುವ ಆ ದಾಖಲೆಯನ್ನು ದಯವಿಟ್ಟು ಯಾವ ಆ್ಯಪ್‌ಗೂ ಹಾಕಿಸಬೇಡಿ. ವರದಿಗೆಂದು ಬರೆಯಲು ಶುರುವಾದರೆ ಎಲ್ಲ ಶಾಲೆಯಲ್ಲೂ 'ಸಮಸ್ಯೆ ಇಲ್ಲ' ಎಂದೇ ಬರುತ್ತದೆ.

ಇತಿ,
ಮಲೆನಾಡಿನ ಕೆಲವು ಶಿಕ್ಷಕರು ಮತ್ತು ವಿಶೇಷ ಶಿಕ್ಷಕರು