ವಿಂಚೆಸ್ಟರ್ ನೆಲಮಾಳಿಗೆ ಪ್ರವಾಸ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ಫೆಬ್ರವರಿಯ ಎರಡನೇ ಶನಿವಾರ ಕನ್ನಡ ತರಗತಿ ಇರುವುದಿಲ್ಲ. ಎಂಟು ವರ್ಷ ದಾಟಿದ ಮಕ್ಕಳನ್ನು ಇಂಗ್ಲೆಂಡಿನ ಹಳೆಯ ದೊಡ್ಡ ಚರ್ಚುಗಳಲ್ಲೊಂದಾದ ವಿಂಚೆಸ್ಟರ್ ಕೆಥೀಡ್ರಲ್‌ಗೆ ಕರೆದೊಯ್ಯುತ್ತೇವೆ. ಚಳಿಗಾಲದಲ್ಲಿ ಅಲ್ಲಿನ ನೆಲಮಾಳಿಗೆಯಲ್ಲಿ ನೀರಿರುತ್ತಲ್ಲ ಎಂದು ಕೆಲವರು ಕೇಳಿದ್ದೀರಿ. ಆ ನೀರು ನೋಡಲೆಂದೇ ಈ ತಿಂಗಳು.

ಇಚೆನ್ ನದಿಯ ತಗ್ಗಿನಲ್ಲಿ 1079ರಲ್ಲಿ ಈ ಕಟ್ಟಡ ಶುರುವಾಯಿತು. ಕೆಳಗಿರುವುದು ಪೀಟ್ ಎಂಬ ಮೆತ್ತನೆಯ ಕೊಳೆಮಣ್ಣು, ಅದರಡಿ ಜಲ್ಲಿ. ಮಳೆಗೆ ಅಂತರ್ಜಲ ಏರಿದರೆ ನೆಲಮಾಳಿಗೆಯಲ್ಲಿ ನೀರು ನಿಲ್ಲುತ್ತದೆ. ಒಳಗೆ ಶಿಲ್ಪಿ ಆಂಟನಿ ಗಾರ್ಮ್ಲಿ 1986ರಲ್ಲಿ ಮಾಡಿದ ಸೀಸದ ಮನುಷ್ಯನಿದ್ದಾನೆ, ಬೊಗಸೆಯಲ್ಲಿ ನೀರು ಹಿಡಿದು ತಲೆ ಬಾಗಿಸಿ ನಿಂತಿದ್ದಾನೆ. ನೀರು ಹೆಚ್ಚಿದ್ದರೆ ಮೆಟ್ಟಿಲ ಬುಡದ ಕಟ್ಟೆಯಿಂದಲೇ ನೋಡಬೇಕು, ಮುಂದಕ್ಕೆ ಬಿಡುವುದಿಲ್ಲ. ಹಾಗಾಗಿ ಗಮ್‌ಬೂಟು ಬೇಡ, ಜಾರದ ಶೂ ಸಾಕು.

ಹೊರಡುವ ಮೊದಲು ಮಕ್ಕಳಿಗೆ ವಿಲಿಯಂ ವಾಕರ್ ಯಾರೆಂದು ಹೇಳಿಡಿ. 1900ರ ದಶಕದ ಆರಂಭದಲ್ಲಿ ಪೂರ್ವದ ಗೋಡೆಗಳು ಬಿರುಕು ಬಿಟ್ಟು ವಾಲತೊಡಗಿದ್ದವು. ಗೋಡೆಯಡಿ ಜಲ್ಲಿಯವರೆಗೆ ಗುಂಡಿ ತೋಡಿದರೆ ನೀರು ತುಂಬಿಕೊಳ್ಳುತ್ತಿತ್ತು. ಪಂಪ್ ಹಚ್ಚಿದರೆ ನೀರಿನ ಜೊತೆ ಸಣ್ಣ ಮಣ್ಣೂ ಕಿತ್ತುಬಂದು ಗೋಡೆ ಇನ್ನಷ್ಟು ಕುಸಿಯುವ ಭಯ. ಅದಕ್ಕೇ ಮುಳುಗುಗಾರ ಬೇಕಾದ. 1906ರಿಂದ 1911ರವರೆಗೆ ವಾಕರ್ ಸುಮಾರು ಆರು ಮೀಟರ್ ಆಳದ ಕದಡು ನೀರಿನಲ್ಲಿ, ಏನೂ ಕಾಣದೆ, ಕೈ ತಡವಿಯೇ ಕಾಂಕ್ರೀಟ್ ಚೀಲಗಳನ್ನು ಹಾಸಿದ. ತಳ ಬಿಗಿಯಾದ ಮೇಲೆ ನೀರು ಹೊರಹಾಕಿ ಬೇರೆಯವರು ಇಟ್ಟಿಗೆ ಕಟ್ಟುತ್ತ ಬಂದರು. ಲೆಕ್ಕ ಹೀಗಿದೆ: 25,800 ಚೀಲ, 1,14,900 ಕಾಂಕ್ರೀಟ್ ದಿಮ್ಮಿ, 9,00,000 ಇಟ್ಟಿಗೆ. ಮುಳುಗುವ ಉಡುಪು ಕಳಚುವುದು ದೊಡ್ಡ ರಗಳೆಯಾದ್ದರಿಂದ ವಾಕರ್ ಊಟದ ಹೊತ್ತಿಗೆ ಶಿರಸ್ತ್ರಾಣ ಮಾತ್ರ ತೆಗೆದು ಪೈಪು ಸೇದುತ್ತಿದ್ದನಂತೆ. (ಪೈಪಿನ ವಿಷಯ ಬಿಟ್ಟರೂ ನಡೆಯುತ್ತದೆ.)

ಊರು ಅವನನ್ನು ಮರೆತಿಲ್ಲ. ಕೆಥೀಡ್ರಲ್ ಪಕ್ಕದ ಪಬ್ಬಿಗೆ ಅವನದೇ ಹೆಸರು. ಆದರೂ 1964ರಲ್ಲಿ ಇಟ್ಟ ಪ್ರತಿಮೆಯಲ್ಲಿ ಮುಖ ಅದೇ ಕೆಲಸದ ಎಂಜಿನಿಯರ್ ಫ್ರಾನ್ಸಿಸ್ ಫಾಕ್ಸ್‌ನದು! ಫೋಟೊದಲ್ಲಿ ಆಳು ಅದಲುಬದಲಾಗಿತ್ತು. ಸರಿಯಾದ ಮುಖ ಬಂದದ್ದು 2001ರಲ್ಲಿ.

ಮಕ್ಕಳ ಮನೆಪಾಠ ಈ ಅದಲುಬದಲಿನಿಂದಲೇ ಹುಟ್ಟಿದೆ. ಪ್ರತಿ ಮಗು ಊರಿನ ಹಿರಿಯರೊಬ್ಬರನ್ನು ಮಾತಾಡಿಸಿ ಐದಾರು ಸಾಲು ಕನ್ನಡದಲ್ಲಿ ಬರೆಯಬೇಕು. ಪುಟದಲ್ಲಿ ಎರಡು ಅಂಕಣ: ಹಿರಿಯರು ತಾವೇ ಕಂಡದ್ದು, ಬೇರೆಯವರಿಂದ ಕೇಳಿದ್ದು. ಇವೆರಡೂ ಕಲಸಿಹೋಗುವುದೇ ಸಾಮಾನ್ಯ ತಪ್ಪು. “ನಿಮ್ಮ ನೆನಪು ಹೇಳಿ” ಎಂದರೆ ಯಾರಿಗೂ ಬಾಯಿ ಬರುವುದಿಲ್ಲ. ಒಂದು ವಸ್ತುವನ್ನೋ ದಿನವನ್ನೋ ಹಿಡಿದು ಕೇಳಬೇಕು. ಜುಲೈ 15, ವಿಂಚೆಸ್ಟರ್‌ನ ಬಿಷಪ್ ಆಗಿದ್ದ ಸಂತ ಸ್ವಿದನ್‌ನ ದಿನ, ಒಳ್ಳೆಯ ಎಳೆ. ಅಂದು ಮಳೆ ಬಂದರೆ ನಲವತ್ತು ದಿನ ಬಿಡುವುದಿಲ್ಲ ಎನ್ನುವ ಮಾತಿದೆ. ನಮ್ಮ ಪುನರ್ವಸು ಮಳೆಯ ಹೊತ್ತು ಅದು, ಅಜ್ಜಿಯ ಮಳೆಗಾದೆಯೊಂದನ್ನು ಮಕ್ಕಳಿಗೆ ಕಲಿಸಿ ಕಳಿಸಿದರೆ ಮಾತಿಗೆ ಮಾತು ಸಿಗುತ್ತದೆ. ಸ್ವಿದನ್‌ನನ್ನು ಮೊದಲು ಹೂಳಿದ್ದು ಹಳೆಯ ಚರ್ಚಿನ ಬಳಿ. ಆ ಚರ್ಚಿನ ಗುರುತನ್ನು ಹೊರಗಿನ ಹುಲ್ಲಿನಲ್ಲಿ ಇಟ್ಟಿಗೆಯ ಗೆರೆಗಳಲ್ಲಿ ಹಾಕಿದ್ದಾರೆ, ಮಕ್ಕಳು ಅದರ ಮೇಲೆ ನಡೆಯಬಹುದು.

ಮಾತು ರೆಕಾರ್ಡ್ ಮಾಡುವುದಾದರೆ ಒಪ್ಪಿಗೆ ಕೇಳಿ, ಆ ಹುಲ್ಲಿನ ಬಳಿಯೇ ಮಾಡಲಿ. ಒಳಗೆ ಕಲ್ಲಿನ ಕಮಾನಿಗೆ ದನಿ ಮಾರ್ದನಿಸಿ ಪದ ತಿಳಿಯುವುದಿಲ್ಲ. ಹೆಸರು ಬರೆಯುವುದು ಬೇಡ, ವಯಸ್ಸು ಸಾಕು.

ಊಟದ ಡಬ್ಬಿ, ನೀರು, ಪೆನ್ಸಿಲ್, ಬೆಚ್ಚನೆಯ ಕೋಟು ಇರಲಿ. ಆಸ್ತಮಾ ಇದ್ದವರು ಇನ್ಹೇಲರ್ ಮರೆಯಬೇಡಿ, ಕೆಳಗೆ ಶೀತ ಗಾಳಿ. ಒಪ್ಪಿಗೆ ಚೀಟಿ ಮುಂದಿನ ಶನಿವಾರದೊಳಗೆ ತಲುಪಲಿ. ಹಂಪಿಯ ನೆಲದಡಿಯ ಶಿವಾಲಯದಲ್ಲಿ ನೀರು ನಿಂತಿರುವ ಫೋಟೊ ಯಾರ ಬಳಿಯಾದರೂ ಇದ್ದರೆ ಚೀಟಿಯ ಜೊತೆ ಕಳಿಸಿಕೊಡಿ, ಬಸ್ಸಿನಲ್ಲಿ ಮಕ್ಕಳಿಗೆ ತೋರಿಸುತ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ